ನಡುಗುವ ಕೈ, ನಡುಗದ ದನಿ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ವೆಂಡೆಲ್ ಪ್ರುಯಿಟ್‌ಗೆ ಗೆದ್ದ ಮುಖ, ಸೋತ ಮುಖ ಎಂದು ಎರಡಿಲ್ಲ. ಈರೀ ಸರೋವರದ ಗಾಳಿಗೆ ಲೋಟದ ಬಿಯರೇ ಹೆಪ್ಪುಗಟ್ಟಿದರೂ ಅವನು ತೋಳಿಲ್ಲದ ಅಂಗಿಯಲ್ಲೇ ಅಭ್ಯಾಸಕ್ಕೆ ಬರುತ್ತಾನೆ. ಗೆದ್ದ ಮರುದಿನವೂ ಸೋತ ಮರುದಿನವೂ ಅದೇ ಕುರ್ಚಿ, ಅದೇ ಓಟ್ಸ್ ಗಂಜಿ. ಮನೆಗೆ ಬೆಂಕಿ ಬಿದ್ದರೂ ಬಟ್ಟಲು ಖಾಲಿ ಮಾಡಿಯೇ ಏಳುವವನು ಎಂದು ಹೆಂಡತಿ ನಗುತ್ತಾಳೆ. ಎಸೆದ ಚೆಂಡು ಎದುರಾಳಿಯ ಕೈಸೇರಿ ಊರಿಗೆ ಊರೇ ಶಪಿಸುವಾಗಲೂ ಅವನು ಬೆಂಚಿನ ಉದ್ದಕ್ಕೂ ನಡೆದು, ಆಟದಲ್ಲಿ ತನ್ನನ್ನು ಕಾಯುವ ದಢೂತಿ ಆಟಗಾರರ ಹೆಲ್ಮೆಟ್ ತಟ್ಟಿ, "ಆಗಿದ್ದು ಆಯ್ತು ಕಣ್ರೋ, ಮುಂದಿನ ಚೆಂಡು ನಮ್ದು" ಅನ್ನುತ್ತಾನೆ. "ಮೈಯಲ್ಲಿ ರಕ್ತ ಇದ್ಯೇನೋ, ಇಲ್ಲ ಬರೀ ಐಸ್ ನೀರೋ?" ಎಂದು ಅವರು ಕಿಚಾಯಿಸುತ್ತಾರೆ. ಬಗ್ಗಿ ನಿಂತು ಕಾಲ ನಡುವಿನಿಂದ ಅವನಿಗೆ ಚೆಂಡು ಕೊಡುವ ಮೋಸೆ ಮಾತ್ರ ನಗುವುದಿಲ್ಲ. ಈ ಭಾನುವಾರ ಸೋತರೆ ಈ ವರ್ಷದ ಆಟವೇ ಮುಗಿಯಿತು. ತಂಡ ಹಿಂದಿದೆ, ಉಳಿದಿರುವುದು ಒಂದೇ ಎಸೆತ. ಚೆಂಡಿಗಾಗಿ ಚಾಚಿದ ವೆಂಡೆಲ್‌ನ ಕೈ ಮೋಸೆಯ ತೊಡೆಗೆ ತಾಗಿತು. ಮೊದಲ ಪಂದ್ಯದಿಂದಲೂ ನಡುಗುತ್ತಿದ್ದ ಹಾಗೆಯೇ ಅದು ಗಡಗಡ ನಡುಗುತ್ತಿತ್ತು. ಬೆನ್ನ ಮೇಲಿನಿಂದ ಅವನು ಕೂಗುವ ದನಿ ಮಾತ್ರ ಕಲ್ಲಿನಷ್ಟು ಗಟ್ಟಿ. ಇದು ಮೋಸೆಯೊಬ್ಬನಿಗೇ ಗೊತ್ತು, ಅವನು ಯಾರಿಗೂ ಹೇಳಿಲ್ಲ. ಎಂದಿನಂತೆ ಮನಸ್ಸಿನಲ್ಲೇ ಆ ಕೈಗಾಗಿ ಪ್ರಾರ್ಥಿಸಿ, ಚೆಂಡನ್ನು ಅದರೊಳಗೆ ಒತ್ತಿದ. ಎಂದಿನಂತೆ, ಚೆಂಡು ಮುಟ್ಟಿದೊಡನೆ ನಡುಕ ನಿಂತಿತು.