ಎಲ್ಲರೆದುರು ಬಿಚ್ಚಿದ ಫೋನು

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಮೊದಲು ರೇಡಿಯೊ, ಆಮೇಲೆ ಟಿ.ವಿ., ಕೊನೆಗೆ ಮೊಬೈಲ್ ಎಂದು ಕಾಲಕ್ಕೆ ತಕ್ಕಂತೆ ಕೈ ಪಳಗಿಸಿಕೊಂಡು ಬಂದವನು. ಅಂಗಡಿಯ ಜೊತೆಗೆ ಸಂಬಳವಿಲ್ಲದ ಇನ್ನೊಂದು ಹುದ್ದೆಯೂ ನನಗಿತ್ತು. ಪ್ರತಿ ತಿಂಗಳ ಎರಡನೇ ಭಾನುವಾರ ಸೇರುತ್ತಿದ್ದ ಮೊಬೈಲ್ ಆಸಕ್ತರ ಕೂಟಕ್ಕೆ ನಾನೇ ಸಂಚಾಲಕ. ಅಂಗಡಿಯಲ್ಲಿ ಮಾಡಿದ ತಪ್ಪುಗಳಿಗೆ ಗಿರಾಕಿಗಳು ಆಗಿಂದಾಗಲೇ ಬೈದು ಹೋಗಿದ್ದಾರೆ. ಕೂಟದಲ್ಲಿ ಮಾಡಿದ ಒಂದು ತಪ್ಪಿಗೆ ಯಾರೂ ಬೈಯಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೂಟ ಸೇರುತ್ತಿದ್ದುದು ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ, ನಾಗವೇಣಿ ನಡೆಸುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಭಾನುವಾರ ಅವರಿಗೆ ಕ್ಲಾಸ್ ಇರಲಿಲ್ಲ. ಕಾಲೇಜಿನವರು, ಬೇರೆ ಅಂಗಡಿಗಳ ರಿಪೇರಿಯವರು, ನಿವೃತ್ತ ಮೇಷ್ಟರು, ಹೊಸ ಫೋನ್ ಕೊಳ್ಳುವ ಮೊದಲು ನಾಲ್ಕು ಜನರನ್ನು ಕೇಳುವ ಗೃಹಿಣಿಯರು, ಆಯನೂರಿನಿಂದ ಬರುತ್ತಿದ್ದ ಒಬ್ಬ ಅಡಿಕೆ ವ್ಯಾಪಾರಿ, ಹೀಗೆ ಎಲ್ಲ ಬಗೆಯವರೂ ಇದ್ದರು. ಹೊಸ ಮಾಡೆಲ್ ಬಂದರೆ ಅದರ ಪರೀಕ್ಷೆ, ಕ್ಯಾಮೆರಾ ಚೆನ್ನೋ ಬ್ಯಾಟರಿ ಚೆನ್ನೋ ಎಂಬ ಜಗಳ, ಫೋನಿನಲ್ಲಿ ಜಾಗ ತುಂಬಿದರೆ ಏನು ಮಾಡಬೇಕೆಂಬ ಪಾಠ, ಇವೆಲ್ಲ ಮುಗಿದ ಮೇಲೆ ಕೊನೆಗೊಂದು ಕಾರ್ಯಕ್ರಮ. ಅದಕ್ಕೆ ನಮ್ಮವರು ಇಟ್ಟ ಹೆಸರು 'ಹೆಣ ಎಬ್ಬಿಸೋದು'.

ಬೇರೆ ಅಂಗಡಿಗಳಲ್ಲಿ ಆಗುವುದಿಲ್ಲವೆಂದು ವಾಪಸು ಕೊಟ್ಟ ಒಂದು ಫೋನನ್ನು ಯಾರಾದರೂ ತರುತ್ತಿದ್ದರು. ನಾನು ಅದನ್ನು ಎಲ್ಲರೆದುರು ಬಿಚ್ಚುತ್ತಿದ್ದೆ. ಮೈಕ್ರೊಸ್ಕೋಪಿಗೆ ಟಿ.ವಿ. ಜೋಡಿಸಿದ್ದರಿಂದ ಸಾಸಿವೆಗಿಂತ ಸಣ್ಣ ಭಾಗಗಳೂ ಗೋಡೆಯ ಮೇಲೆ ಇಟ್ಟಿಗೆಯಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಫೋನು ಬೆಳಗಿದಾಗ ಚಪ್ಪಾಳೆ. ಒಂದು ತಿಂಗಳೂ ನಾನು ಸೋತದ್ದಿಲ್ಲ.

ಸೋಲದಿದ್ದುದಕ್ಕೆ ಕಾರಣವನ್ನು ಈಗ ಹೇಳಿಬಿಡುತ್ತೇನೆ. ಫೋನನ್ನು ವಾರ ಮೊದಲೇ ತರಿಸಿಕೊಂಡು ಅಂಗಡಿಯಲ್ಲಿ ಸಾವಕಾಶವಾಗಿ ಸರಿಮಾಡಿ ಇಟ್ಟಿರುತ್ತಿದ್ದೆ. ಸರಿಯಾಗದಿದ್ದರೆ ಅದನ್ನು ಬದಿಗಿಟ್ಟು ಬೇರೊಂದು ಫೋನ್ ಆರಿಸುತ್ತಿದ್ದೆ. ಭಾನುವಾರ ಮಾಡುತ್ತಿದ್ದುದು ನಾನೇ ಸಡಿಲಿಸಿಟ್ಟ ಒಂದು ಕನೆಕ್ಟರನ್ನು ಮತ್ತೆ ಕೂರಿಸುವ ಕೆಲಸ ಮಾತ್ರ. ಇದು ನಾಗವೇಣಿಯೊಬ್ಬರಿಗೆ ಗೊತ್ತಿತ್ತು. "ಜಾದೂಗಾರ ಆಗಿಬಿಟ್ರಿ ರುದ್ರಣ್ಣ" ಎಂದು ನಗುತ್ತಿದ್ದರು. ಜನರಿಗೆ ಉತ್ಸಾಹ ಬರಲಿ ಎಂದು ಮಾಡುವುದರಲ್ಲಿ ಮೋಸವೇನು ಎಂದು ನಾನು ನನಗೇ ಹೇಳಿಕೊಂಡಿದ್ದೆ.

ಸೋಲದವನೆಂಬ ನನ್ನ ಹೆಸರು ಭದ್ರಾವತಿಯವರೆಗೆ ಹೋಯಿತು. ಒಂದು ಮಧ್ಯಾಹ್ನ ಸೆಲ್ವಂ ಅಂಗಡಿಗೆ ಬಂದ. ಐವತ್ತು ದಾಟಿದ ಆಳು. ಮನೆ ಭದ್ರಾವತಿಯಲ್ಲಿ, ಕೆಲಸ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನ ಲೇಥ್ ಮೆಷಿನ್ನಿನಲ್ಲಿ. ಒಗೆದು ಮಡಿಸಿದ ಕರ್ಚೀಫಿನಿಂದ ಫೋನನ್ನು ತೆಗೆದ. ಮನೆಯ ನೀರಿನ ತೊಟ್ಟಿಗೆ ಬಿದ್ದದ್ದಂತೆ. ಎರಡು ಅಂಗಡಿಯವರು ಆಗುವುದಿಲ್ಲ ಎಂದಿದ್ದರು.

"ಹೊಸದು ತಗೊಳ್ಳಪ್ಪ, ಇದಕ್ಕೆ ಯಾಕೆ ಖರ್ಚು ಮಾಡ್ತೀಯ?" ಎಂದೆ.

"ಫೋನ್ ಬೇಡ ಸಾರ್. ಒಳಗಡೆ ನನ್ನ ಹೆಂಡ್ತಿ ಇದಾಳೆ" ಎಂದ.

ಹೆಂಡತಿ ರಾಜಮ್ಮ ತೀರಿಕೊಂಡು ಆಗ ಕೆಲವು ತಿಂಗಳಾಗಿತ್ತು. ಗಂಡ ಹೆಂಡಿರಿಬ್ಬರಿಗೂ ಓದು ಬರಹ ಬರುತ್ತಿರಲಿಲ್ಲ. ಇವನಿಗೆ ಪಾಳಿಯ ಕೆಲಸ, ಆಕೆಗೆ ನಾಲ್ಕು ಮನೆಯ ಕೆಲಸ. ಒಬ್ಬರು ಮನೆಗೆ ಬರುವ ಹೊತ್ತಿಗೆ ಇನ್ನೊಬ್ಬರು ಹೊರಡುತ್ತಿದ್ದರು. ಹಾಗಾಗಿ ಅವರ ಸಂಸಾರವೆಲ್ಲ ವಾಯ್ಸ್ ಮೆಸೇಜಿನಲ್ಲೇ ನಡೆದಿತ್ತು. ಸಾರು ಎಲ್ಲಿಟ್ಟಿದೆ, ಗ್ಯಾಸ್ ಯಾವಾಗ ಬರುತ್ತದೆ, ಮಾತ್ರೆ ನುಂಗಿದೆಯಾ, ಯಾಕೆ ಕೋಪ, ಎಲ್ಲವೂ ಆಕೆಯ ದನಿಯಲ್ಲಿ ಆ ಫೋನಿನೊಳಗಿತ್ತು. ಆಕೆಯ ಫೋನು ಆಸ್ಪತ್ರೆಯಲ್ಲಿ ಕಳುವಾಗಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ.

ಫೋನನ್ನು ಬಿಟ್ಟುಹೋಗು, ನೋಡಿ ಇಡುತ್ತೇನೆ ಎಂದೆ. ಅವನು ಒಪ್ಪಲಿಲ್ಲ. "ಬಿಟ್ಟು ಹೋಗಕ್ಕೆ ಆಗಲ್ಲ ಸಾರ್. ಭಾನುವಾರ ನೀವು ಎಲ್ಲಾರ ಮುಂದೆ ಮಾಡ್ತೀರಂತಲ್ಲ, ಆವಾಗ ತರ್ತೀನಿ. ನಾನೂ ಪಕ್ಕದಲ್ಲೇ ಇರ್ತೀನಿ." ಆಗ ಬೇಡ ಎನ್ನಬೇಕಿತ್ತು. ಆ ಕಾರ್ಯಕ್ರಮ ಹೇಗೆ ನಡೆಯುತ್ತದೆ ಎಂದು ಅವನಿಗೆ ಹೇಳಬೇಕಾಗುತ್ತದಲ್ಲ ಎಂಬ ಅಳುಕಿಗೆ "ಆಯ್ತು, ಬಾ" ಎಂದೆ.

ವಿಷಯ ತಿಳಿದು ನಾಗವೇಣಿ ಕೇಳಿದರು: "ನೀವು ನೋಡೇ ಇಲ್ದೆ ಇರೋ ಫೋನು. ನೀರಿಗೆ ಬಿದ್ದಿರೋದು. ಬೆಂಗಳೂರಲ್ಲಿ ಡೇಟಾ ತೆಗೆಯೋದನ್ನೇ ಕೆಲಸ ಮಾಡ್ಕೊಂಡಿರೋರು ಇದಾರಲ್ಲ, ಅಲ್ಲಿಗೆ ಕಳ್ಸಿ."

"ಕಳ್ಸೋದಾದ್ರೆ ಅವನು ನನ್ನ ಹತ್ರ ಯಾಕೆ ಬರ್ಬೇಕಿತ್ತು?" ಎಂದೆ.

ಆ ಭಾನುವಾರ ಕುರ್ಚಿಗಳು ಸಾಲದೆ ಹಲವರು ಗೋಡೆಗೆ ಒರಗಿ ನಿಂತಿದ್ದರು. ಸೆಲ್ವಂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಮೇಜಿನ ಬದಿಯಲ್ಲೇ ಕುಳಿತ. ಫೋನು ಬಿಚ್ಚಿದೆ. ಬೋರ್ಡಿನ ಮೇಲೆ ಹಸಿರು ತುಕ್ಕು ಹಿಡಿದಿತ್ತು. ದ್ರಾವಣ ಹಾಕಿ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಬ್ಯಾಟರಿಯ ಬದಲು ಪವರ್ ಸಪ್ಲೈ ಜೋಡಿಸಿ ಬಟನ್ ಒತ್ತಿದೆ. ಫೋನು ಒಮ್ಮೆ ಗುರ್ರೆಂದಿತು. ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು. ಜನ ಚಪ್ಪಾಳೆ ತಟ್ಟಿದರು. ಸೆಲ್ವಂ ಎರಡೂ ಕೈ ಜೋಡಿಸಿ ನನ್ನ ಕಡೆ ನೋಡಿದ. ಅಷ್ಟರಲ್ಲಿ ಪರದೆ ಆರಿತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಫೋನಿನ ಮಿದುಳು ಪ್ರೊಸೆಸರ್. ಫೋಟೊ, ದನಿ ಎಲ್ಲ ಉಳಿಯುವ ಜಾಗ ಮೆಮೊರಿ. ಈಗಿನ ಫೋನುಗಳಲ್ಲಿ ಮೆಮೊರಿಗೆ ಬೀಗ ಹಾಕಿರುತ್ತಾರೆ, ಕೀಲಿ ಪ್ರೊಸೆಸರಿನೊಳಗೆ ಇರುತ್ತದೆ. ಪ್ರೊಸೆಸರ್ ಸತ್ತರೆ ಮೆಮೊರಿ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಗುರುತು ಮೂಡಿತು ಎಂದರೆ ಎರಡೂ ಬದುಕಿವೆ ಎಂದರ್ಥ. ದನಿ ಕಾಯಬೇಕಾದ ರಿಪೇರಿಯವನು ಅಲ್ಲಿಗೆ ಕೈ ತೊಳೆದುಕೊಂಡು, ಬೋರ್ಡನ್ನು ಹತ್ತಿಯಲ್ಲಿ ಸುತ್ತಿ, ತನಗಿಂತ ಬಲ್ಲವರಿಗೆ ಕಳಿಸಬೇಕು. ನನಗಿದು ಚೆನ್ನಾಗಿ ಗೊತ್ತಿತ್ತು.

ಹಿಂದಿನಿಂದ ಆಯನೂರಿನ ಅಡಿಕೆ ವ್ಯಾಪಾರಿ ಕೂಗಿದ: "ಏನ್ ರುದ್ರಣ್ಣ, ಎದ್ದು ಮತ್ತೆ ಮಲಗ್ತಲ್ಲ! ಈ ಸಲ ಹೆಣ ಏಳಲ್ವೇನ್ರಿ ಮಾರಾಯ್ರೆ?"

ಎಲ್ಲರೂ ನಕ್ಕರು. ಪಕ್ಕದಲ್ಲಿ ಕುಳಿತವನು ಯಾರು, ಯಾಕೆ ಬಂದಿದ್ದಾನೆ ಎಂದು ಅವರಿಗೆ ತಿಳಿದಿರಲಿಲ್ಲ. ನಾನೂ ತಿಳಿಸಿರಲಿಲ್ಲ.

"ಇಲ್ಲಿಗೆ ನಿಲ್ಸಿ ರುದ್ರಣ್ಣ" ಎಂದು ನಾಗವೇಣಿ ನನಗಷ್ಟೇ ಕೇಳುವಂತೆ ಹೇಳಿದರು.

ನಾನು ನಿಲ್ಲಿಸಲಿಲ್ಲ. ಎಲ್ಲೋ ಶಾರ್ಟ್ ಆಗಿತ್ತು. ಅದನ್ನು ಹುಡುಕಲು ಬೋರ್ಡಿಗೆ ರಾಳದ ಹೊಗೆ ಹಿಡಿದು ಬಿಳಿ ಪದರ ಕೂರಿಸಿ, ಶಾರ್ಟ್ ಆದ ದಾರಿಗೆ ಹೊರಗಿನಿಂದ ಸ್ವಲ್ಪವೇ ಕರೆಂಟ್ ಕೊಡುತ್ತೇವೆ. ಕೆಟ್ಟ ಭಾಗ ಬಿಸಿಯಾಗಿ ಅದರ ಮೇಲಿನ ಬಿಳಿ ಕರಗುತ್ತದೆ. ನಾನು ಹಿಡಿದ ದಾರಿ ನೇರ ಪ್ರೊಸೆಸರಿಗೆ ಹೋಗುವಂಥದ್ದು. ಅದು ಒಂದು ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. ಒಂದು ವೋಲ್ಟಿನ ಒಳಗೆ ಕೊಟ್ಟು ಕಾದೆ. ಗೋಡೆಯ ಮೇಲಿನ ಚಿತ್ರ ಕದಲಲಿಲ್ಲ. ಒಬ್ಬರು ಆಕಳಿಸಿದರು, ಇಬ್ಬರು ಎದ್ದು ಚಪ್ಪಲಿ ಹುಡುಕಿದರು. ವೋಲ್ಟ್ ಏರಿಸುವ ಗುಂಡಿಯನ್ನು ತಿರುಗಿಸಿದೆ. ಮತ್ತೂ ತಿರುಗಿಸಿದೆ. ಬಿಳಿ ಪದರ ಕರಗಿತು. ಕರಗಿದ್ದು ಯಾವುದೋ ಸಣ್ಣ ಭಾಗದ ಮೇಲಲ್ಲ, ಪ್ರೊಸೆಸರಿನ ಮೇಲೆಯೇ.

ನೋಡುತ್ತಿದ್ದವರಿಗೆ ಅದು ಚಂದ ಕಂಡಿರಬೇಕು. "ಓಹೋ, ಸಿಕ್ತು ಸಿಕ್ತು!" ಎಂದರು. ನನ್ನ ಕೈಯಾರೆ ಪ್ರೊಸೆಸರ್ ಸುಟ್ಟಿತೆಂದು ತಿಳಿದದ್ದು ನನಗೆ, ಬಹುಶಃ ನಾಗವೇಣಿಗೆ. ಮತ್ತೆ ಎಷ್ಟು ಸಲ ಬಟನ್ ಒತ್ತಿದರೂ ಫೋನು ಗುರ್ರೆನ್ನಲಿಲ್ಲ.

ಜನ ಕರಗಿದ ಮೇಲೆ ಸೆಲ್ವಂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ನಾನು ಹೇಳಿದೆ: "ನೀರು ಮೊದಲೇ ಒಳಗೆಲ್ಲ ತಿಂದು ಹಾಕಿತ್ತು ಸೆಲ್ವಂ. ಯಾರ ಕೈಲೂ ಆಗ್ತಿರಲಿಲ್ಲ."

ಅವನು ಫೋನನ್ನು ಕರ್ಚೀಫಿನಲ್ಲಿ ಮಡಿಸಿಕೊಂಡ. "ನೀವು ಏನು ಮಾಡ್ತೀರ ಸಾರ್. ಇಷ್ಟೊತ್ತು ಬಗ್ಗಿ ಕೂತು ಮಾಡಿದ್ರಿ. ಬೆನ್ನು ನೋವು ಬಂದಿರತ್ತೆ" ಎಂದು ನನಗೇ ಸಮಾಧಾನ ಹೇಳಿ ಬಸ್ಸಿಗೆ ಹೋದ.

"ಆ ಮಾತು ಯಾಕೆ ಹೇಳಿದ್ರಿ? ಲೋಗೋ ಬಂದಿದ್ದನ್ನ ನಾನೂ ನೋಡ್ದೆ" ಎಂದರು ನಾಗವೇಣಿ.

"ಅವನಿಗೆ ಸಮಾಧಾನ ಆಗ್ಲಿ ಅಂತ."

ಅವರು ಟಿ.ವಿ.ಯ ವೈರ್ ಕಿತ್ತು ಸುತ್ತತೊಡಗಿದರು.

ಇನ್ನು ಸೆಲ್ವಂ ಬರಲಾರ ಎಂದುಕೊಂಡಿದ್ದೆ. ಮುಂದಿನ ತಿಂಗಳು ಎಲ್ಲರಿಗಿಂತ ಮೊದಲು ಬಂದ. ಕುರ್ಚಿ ಹಾಕಿದ, ಕಸ ಗುಡಿಸಿದ. ಆಮೇಲೆ ಒಂದು ತಿಂಗಳೂ ತಪ್ಪಿಸಲಿಲ್ಲ. ಒಮ್ಮೆ ನಾಗವೇಣಿ ಡೇಟಾ ಕಾಪಿ ಮಾಡಿಟ್ಟುಕೊಳ್ಳುವ ಬಗ್ಗೆ ಪಾಠ ಮಾಡುತ್ತಿದ್ದಾಗ ತಾನೇ ಎದ್ದು ನಿಂತ. "ಎಲ್ಲಾರೂ ಇದನ್ನ ಮಾಡಿ ಇಟ್ಕೊಳ್ಳಿ. ನಂದು ನೀರಲ್ಲಿ ಹೋಯ್ತು. ರುದ್ರಣ್ಣ ಸಾರ್ ಅಂಥೋರ ಕೈಲೇ ಆಗ್ಲಿಲ್ಲ ಅಂದ್ರೆ ನೋಡಿ" ಎಂದ. ಜನ ನನ್ನ ಕಡೆ ತಿರುಗಿ ಗೌರವದಿಂದ ತಲೆಯಾಡಿಸಿದರು. ಆ ಹೊತ್ತಿನಲ್ಲಿ ನಾನು ನೀರಿನ ಬಾಟಲಿ ತೆರೆದು ಕುಡಿಯುವ ನಟನೆ ಮಾಡಿದೆ. 'ಹೆಣ ಎಬ್ಬಿಸೋದು' ನಿಲ್ಲಿಸಿದ್ದೆ. ಕಣ್ಣು ಮಂಜಾಗಿದೆ ಎಂಬ ನೆವ ಹೇಳಿದ್ದೆ. ಅದನ್ನೂ ಜನ ನಂಬಿದರು.

ಕೊರೊನಾ ಬಂದು ಕೂಟ ನಿಂತುಹೋಯಿತು. ನನಗೆ ಒಳಗೊಳಗೆ ಹಗುರವೆನಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಅಂಗಡಿಯನ್ನೂ ಆಗಲೇ ಮುಚ್ಚಿದೆ. ಕಾಯಿಲೆಯ ಕಾಲ ಕಳೆದ ಮೇಲೆ ನಾಗವೇಣಿ ಕೂಟವನ್ನು ಮತ್ತೆ ಶುರುಮಾಡುವ ಮಾತೆತ್ತಿದರು. ಸುದ್ದಿ ಕೇಳಿ ಮೊದಲು ಫೋನ್ ಮಾಡಿದವನು ಸೆಲ್ವಂ. "ಯಾವ ಭಾನುವಾರ ಸಾರ್? ನಾನು ಬೇಗ ಬಂದು ಧೂಳು ಹೊಡೀತೀನಿ" ಎಂದ. ಆ ದಿನವೇ ಮಾಚೇನಹಳ್ಳಿಯ ಬಸ್ಸು ಹತ್ತಿದೆ.

ಅವನು ಲೇಥಿನ ಮುಂದೆ ಒಂದು ಕಬ್ಬಿಣದ ದಂಡ ಕಡೆಯುತ್ತಿದ್ದ. ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿ, ಸ್ಟೂಲ್ ಒರೆಸಿ ಕೊಟ್ಟ. ನಾನು ಕೂರದೆ ಎಲ್ಲ ಹೇಳಿದೆ. ಮೊದಲೇ ಸರಿಮಾಡಿ ತರುತ್ತಿದ್ದ ಫೋನುಗಳು, ನಿಲ್ಲಿಸಬೇಕಾದಲ್ಲಿ ನಿಲ್ಲಿಸದಿದ್ದುದು, ಗುಂಡಿ ತಿರುಗಿಸಿದ್ದು, ಆಮೇಲೆ ಹೇಳಿದ ಸುಳ್ಳು. ಅವನು ಗ್ರೀಸಾದ ಬೆರಳುಗಳನ್ನು ಒರೆಸುತ್ತ ಕೇಳಿಸಿಕೊಂಡ. ಅರ್ಥವಾಯಿತೋ ಇಲ್ಲವೋ ಎಂದು ನಾನು ಎರಡನೇ ಸಲ ಶುರುಮಾಡಿದಾಗ ಕೈಯೆತ್ತಿ ತಡೆದ.

"ಒಂದು ಹೇಳಿ ಸಾರ್. ಅವತ್ತು ಬೆಂಗಳೂರಿಗೆ ಕಳ್ಸಿದ್ರೆ ಅವಳ ಮಾತು ಸಿಕ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಅದೊಂದು ಮಾತು ಅವನಿಗೆ ರಾತ್ರಿ ನಿದ್ದೆ ಕೊಡುತ್ತಿತ್ತೇನೋ. ಆದರೆ ಸುಳ್ಳನ್ನು ಒಪ್ಪಿಕೊಳ್ಳಲು ಹೋದವನು ಇನ್ನೊಂದು ಸುಳ್ಳು ಹೇಳುವುದು ಹೇಗೆ?

"ಸಿಕ್ತಿತ್ತು ಅನ್ಸುತ್ತೆ" ಎಂದೆ.

ಅವನು ಕೈ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟು, ದನಿ ಏರಿಸದೆ ಹೇಳಿದ: "ನೀರಿಂದ ಹೋಯ್ತು ಅಂತ ಇದ್ದಾಗ ನನಗೆ ಯಾರ ಮೇಲೂ ಕೋಪ ಇರ್ಲಿಲ್ಲ. ಈಗ ಇದನ್ನ ಇಟ್ಕೊಂಡು ನಾನು ಏನು ಮಾಡ್ಲಿ ಸಾರ್?"

ಅವನು ಬೆನ್ನು ತಿರುಗಿಸಿ ಲೇಥ್ ಚಾಲೂ ಮಾಡಿದ. ಆ ಸದ್ದಿನಲ್ಲಿ ಯಾರ ಮಾತೂ ಕೇಳಿಸುವಂತಿರಲಿಲ್ಲ.

ಕೂಟ ಈಗ ಮತ್ತೆ ನಡೆಯುತ್ತದೆ, ನಾಗವೇಣಿಯೇ ನಡೆಸುತ್ತಾರೆ. ಸೆಲ್ವಂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದನ್ನು ಯಾರಾದರೂ ಕೇಳಿದರೆ ಹೇಳಲು ಒಂದೇ ಇದೆ. "ಇದು ನನ್ನ ಕೈಲಿ ಆಗಲ್ಲ" ಎಂಬುದನ್ನು ಫೋನು ಇನ್ನೂ ಬದುಕಿರುವಾಗ ಹೇಳಬೇಕು. ಆಮೇಲೆ ಹೇಳಿದರೆ ಹೇಳಿದವನ ಭಾರ ಸ್ವಲ್ಪ ಇಳಿಯುತ್ತದೆ, ನಿಜ. ಇಳಿದ ಭಾರವನ್ನು ಕೇಳಿದವನು ಹೊರಬೇಕಾಗುತ್ತದೆ.