ಕೆಂಪು ದೀಪ ಮಿಟುಕುವಷ್ಟು ಹೊತ್ತು

ಅಕ್ಕನ ಬಲಗಾಲಿನಲ್ಲಿ, ಮಂಡಿಯ ಕೆಳಗಿನ ಮೂಳೆಯ ಮೇಲೆ, ಪೆಡಲಿನ ಹಲ್ಲು ಕಚ್ಚಿದ ಗುರುತುಗಳು ಸಾಲಾಗಿದ್ದವು. ಒಂದು ಮಾಯುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತಿತ್ತು. ಅವಳು ಕಾಲು ತೊಳೆಯುವಾಗ ಅವ್ವ ಅದನ್ನು ನೋಡಿ, ಗಂಡಿನ ಕಡೆಯವರು ಕಂಡರೆ ಏನೆನ್ನುತ್ತಾರೋ ಎಂದು ಗೊಣಗುವಳು. ಅಕ್ಕ ಗಾಯಕ್ಕೆ ಕೊಬ್ಬರಿ ಎಣ್ಣೆ ಸವರುತ್ತ, "ಏನಿಲ್ಲ ಬುಡವ್ವ, ನೆಲ ಗಟ್ಟಿಯಾಗೈತಾ ಅಂತ ನೋಡ್ದೆ" ಅನ್ನುವಳು. ಬಿದ್ದಾಗಲೆಲ್ಲ ಅವಳದು ಅದೇ ಮಾತು.

ಹೊಳೆನರಸೀಪುರದಲ್ಲಿ ಅಪ್ಪನದು ಸೈಕಲ್ ಶಾಪು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಅಲ್ಲಿ ಪಂಕ್ಚರ್ ಹಾಕುತ್ತಲೇ ದೊಡ್ಡವನಾದೆ. ಅಕ್ಕ ಓದಿ, ಅರಕಲಗೂಡು ರಸ್ತೆಯ ಒಂದು ಹಳ್ಳಿಯಲ್ಲಿ ಟೀಚರಾದಳು. ಇವತ್ತು ನಾನು ಇಷ್ಟು ಬರೆಯಬಲ್ಲೆನಾದರೆ ಅದು ಅವಳ ಕೆಲಸ. ಸಂಜೆ ಬಸ್ಸಿಳಿದು ನೇರ ಶಾಪಿಗೆ ಬಂದು, ಟ್ಯೂಬು ಸುತ್ತಿದ್ದ ಹಳೇ ಪೇಪರನ್ನು ಬಿಡಿಸಿ ನನ್ನ ಕೈಯಲ್ಲಿ ಜೋರಾಗಿ ಓದಿಸುವಳು. ತಪ್ಪಿದರೆ ಸ್ಪ್ಯಾನರಿನಿಂದ ಮಂಡಿಗೆ ಮೆಲ್ಲಗೆ ಕುಟ್ಟುವಳು. ಯಾರಾದರೂ ಗಿರಾಕಿ ಅವಳನ್ನು ಏನಾದರೂ ಕೇಳಿದರೆ, "ತಮ್ಮಂಗೆ ಗೊತ್ತು, ಕೇಳಿ" ಎಂದು ನನ್ನ ಕಡೆ ತೋರಿಸುವಳು. ಆ ಮಾತಿಗೆ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ, ವರ್ಗವಾಗಿ ಹೊರಟ ಆಫೀಸರೊಬ್ಬರ ಮಗ ತನ್ನ ಗೇರ್ ಸೈಕಲನ್ನು ನಮ್ಮ ಶಾಪಿಗೆ ಕೊಟ್ಟು ಹೋದ. ಬೆಟ್ಟ ಗುಡ್ಡ ಹತ್ತುವ ದಪ್ಪ ಟೈರಿನ ಸೈಕಲ್ಲು. ಕ್ಯಾರಿಯರಿಲ್ಲದ ಅದನ್ನು ನಮ್ಮೂರಲ್ಲಿ ಯಾರೂ ಕೊಳ್ಳಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದುದನ್ನು ಅಕ್ಕ ಒಂದು ಭಾನುವಾರ ಹೊರಗೆಳೆದು, ಸೀಮೆಎಣ್ಣೆ ಹಾಕಿ ಚೈನು ತಿಕ್ಕಿ, ನನ್ನ ಹಳೇ ಪ್ಯಾಂಟು ತೊಟ್ಟು ಹೊರಟೇಬಿಟ್ಟಳು. ಆಮೇಲೆ ಅದೇ ರೂಢಿಯಾಯಿತು. ವಾರವೆಲ್ಲ ಸೀರೆ, ಬಸ್ಸು. ಭಾನುವಾರ ಪ್ಯಾಂಟು, ಸೈಕಲ್ಲು. ಅಪ್ಪನಿಗೆ ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎನ್ನುವಳು. ಪೂರ್ತಿ ಸುಳ್ಳಲ್ಲ, ಗುಡ್ಡದ ದಾರಿಯಲ್ಲಿ ಯಾವುದಾದರೊಂದು ಗುಡಿ ಇದ್ದೇ ಇರುತ್ತಿತ್ತು.

ಗುಡ್ಡದ ತುದಿಯಿಂದ ಕಂಡದ್ದನ್ನು ಸ್ಕೂಲಿನ ಮಕ್ಕಳಿಗೆ ಹೇಳಿ ಹೇಳಿ ಅವಳಿಗೆ ಸಾಕಾಯಿತು. ತೋರಿಸಬೇಕು, ಒಂದು ಕ್ಯಾಮೆರಾ ಬೇಕು ಎಂದಳು. ಹಾಸನಕ್ಕೆ ನನ್ನನ್ನೇ ಜೊತೆಗೆ ಕರೆದುಕೊಂಡು ಹೋದಳು.

ಅಂಗಡಿಯವರು ಮೂರು ಚಿಕ್ಕ ಕ್ಯಾಮೆರಾಗಳನ್ನು ಮುಂದಿಟ್ಟರು. ಅಕ್ಕ ಒಂದೊಂದನ್ನೂ ಸೊಂಟದ ಚೀಲಕ್ಕೆ ಹಾಕಿಕೊಂಡು ನಿಂತಲ್ಲೇ ಕುಪ್ಪಳಿಸಿದಳು. ಒಂದು ಮೇಲಕ್ಕೆ ಚಿಮ್ಮಿ ಹೊಟ್ಟೆಗೆ ಬಡಿಯಿತು. ಇನ್ನೊಂದಕ್ಕೆ ಗಾಜಿನ ಮೇಲೆ ಮುಚ್ಚಳವಿರಲಿಲ್ಲ, ಧೂಳು ಕೂರುತ್ತದೆ ಎಂದು ಪಕ್ಕಕ್ಕಿಟ್ಟಳು. ಅಂಗಡಿಯವರು, "ಮೇಡಂ, ಎಲ್ರೂ ಫೋಟೋ ತೆಗೆದು ನೋಡ್ತಾರೆ. ನೀವು ಕುಣಿದು ನೋಡ್ತಿದೀರಲ್ಲ" ಎಂದು ನಕ್ಕರು. ಮೂರನೆಯದಕ್ಕೆ ಜಾರುವ ಮುಚ್ಚಳವಿತ್ತು, ಒಂದೇ ಕೈಯಲ್ಲಿ ತೆಗೆಯಬಹುದಿತ್ತು. ಅದನ್ನು ತಿರುಗಿಸಿ ನೋಡುತ್ತಿದ್ದ ನನಗೆ ಒಂದು ಗುಂಡಿ ಕಂಡಿತು. ಇದೇನು ಎಂದು ಕೇಳಿದೆ. ಅದನ್ನು ಒತ್ತಿ ದೂರ ಹೋಗಿ ನಿಂತರೆ ಕ್ಯಾಮೆರಾ ತಾನೇ ಫೋಟೋ ತೆಗೆಯುತ್ತದೆ ಎಂದರು. ಅದನ್ನು ಕೌಂಟರಿನ ಮೇಲಿಟ್ಟು ಒತ್ತಿಯೂ ತೋರಿಸಿದರು. ಕೆಂಪು ದೀಪ ಮಿಟುಕತೊಡಗಿತು. ಒಳಗೆ ರೀಲಿಲ್ಲವೆಂಬುದು ಗೊತ್ತಿದ್ದೂ ನಾನು ಹಲ್ಲು ಕಿರಿದು ನಿಂತೆ. ಕ್ಲಿಕ್ಕೆಂದಿತು.

"ಇದೇ ಇರ್ಲಿ ಕಣಕ್ಕ" ಅಂದೆ. "ನೀನು ಒಬ್ಳೇ ಓಗೋಳು. ನಿನ್ ಫೋಟೋ ಯಾರ್ ತೆಗೀತಾರೆ?"

ಹಾಗಾಗಿ ಆ ಕ್ಯಾಮೆರಾ ಆರಿಸಿದ್ದು ನಾನೇ.

ರೀಲು ಹಾಕಿದ ದಿನ ಮೊದಲ ಫೋಟೋ ನನ್ನದೇ ಇರಬಹುದೆಂದು ತಲೆ ಬಾಚಿಕೊಂಡು ಶಾಪಿನ ಮುಂದೆ ನಿಂತಿದ್ದೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಸೈಕಲ್ಲಿನ ಫೋಟೋ ತೆಗೆದಳು. ಮುಂದೆ ತೆಗೆಯುತ್ತಾಳೆ ಎಂದುಕೊಂಡೆ. ರೀಲು ಮುಗಿದು ತೊಳೆದು ಬಂದಾಗ ಫೋಟೋಗಳನ್ನು ತಂದವನು ನಾನು. ಒಂದೊಂದೇ ನೋಡಿದೆ. ಬಂಡೆ, ಮೇಕೆ, ಕೆರೆ ಏರಿ, ದೊಡ್ಡಗದ್ದವಳ್ಳಿ ಗುಡಿಯ ಹಿಂದಿನ ಗೋಡೆ, ಸೌದೆ ಹೊತ್ತ ಮುದುಕಿ, ಮತ್ತೆ ಸೈಕಲ್ಲು. ನಾನೆಲ್ಲೂ ಇರಲಿಲ್ಲ. ಪ್ರತಿ ಶನಿವಾರ ಬ್ರೇಕು ಬಿಗಿದುಕೊಟ್ಟವನು, ಕ್ಯಾಮೆರಾ ಆರಿಸಿದವನು ಅವಳ ಲೆಕ್ಕಕ್ಕೇ ಇರಲಿಲ್ಲ. ನೆಗೆಟಿವನ್ನು ಡ್ರಾಯರಿಗೆ ಎಸೆದು, ಫೋಟೋಗಳ ಕವರನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಗೇ ಬಿಟ್ಟೆ. ಅಪ್ಪ ನೋಡಬಾರದ ಒಂದು ಫೋಟೋ ಅದರಲ್ಲಿದೆ ಎಂಬುದು ಗೊತ್ತಿದ್ದೇ ಬಿಟ್ಟೆ.

ಆ ಫೋಟೋದಲ್ಲಿ ಅಕ್ಕ ಗುಡ್ಡದ ತುದಿಯ ಬಂಡೆಯ ಮೇಲೆ ಪ್ಯಾಂಟಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕೂದಲು ಬಿಚ್ಚಿತ್ತು. ನೇರ ಕ್ಯಾಮೆರಾದ ಕಡೆ ನೋಡುತ್ತ ಬಾಯ್ತುಂಬ ನಗುತ್ತಿದ್ದಳು.

ಸಂಜೆ ಅಪ್ಪ ಅದನ್ನು ಹಿಡಿದುಕೊಂಡು ಕೂತಿದ್ದ. ಹಿರೀಸಾವೆಯ ಕಡೆಯಿಂದ ಅಕ್ಕನಿಗೆ ಸಂಬಂಧವೊಂದು ಬಂದು, ಮಾತುಕತೆ ನಡೆಯುತ್ತಿದ್ದ ಕಾಲ ಅದು. ಬಸ್ಸಿಳಿದು ಬಂದ ಅಕ್ಕನ ಮುಂದೆ ಫೋಟೋ ಹಿಡಿದ.

"ಯಾರು ತೆಗೆದಿದ್ದು ಇದ್ನ? ಇಂಗೆ ನಗಾದು ಯಾರ್ನ ನೋಡಿ?"

ಯಾರೂ ತೆಗೆದಿಲ್ಲ, ಕ್ಯಾಮೆರಾ ತಾನೇ ತೆಗೆಯುತ್ತದೆ ಎಂದಳು ಅಕ್ಕ. ನನ್ನನ್ನೇನು ನಿನ್ನ ಸ್ಕೂಲಿನ ಹುಡುಗ ಅಂದುಕೊಂಡೆಯಾ ಎಂದು ಅಪ್ಪ ರೇಗಿದ. ಅಕ್ಕ ಸ್ವಲ್ಪವೂ ಅಳುಕದೆ ನನ್ನ ಕಡೆ ತಿರುಗಿದಳು.

"ತಮ್ಮಂಗೆ ಗೊತ್ತು, ಕೇಳು. ಲೋ, ಆ ಸೆಲ್ ಕೊಡೋ, ಆಕಿ ತೋರಿಸ್ಬುಡ್ತೀನಿ."

ಕ್ಯಾಮೆರಾದ ಎರಡು ಪೆನ್ ಸೆಲ್ಲುಗಳು ಇಳಿದುಹೋಗಿದ್ದವು. ಬಿಸಿಲಿಗಿಟ್ಟರೆ ಕೊಂಚ ಜೀವ ಬರುತ್ತದೆಂದು ಬೆಳಗ್ಗೆ ಅವಳೇ ನನ್ನ ಕೈಗೆ ಕೊಟ್ಟು ಹೋಗಿದ್ದಳು. ದಿನವಿಡೀ ಶಾಪಿನ ತಗಡಿನ ಮೇಲೆ ಕಾಯಿಸಿ, ಆಗತಾನೇ ಇಳಿಸಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದೆ. ಇನ್ನೂ ಬೆಚ್ಚಗಿದ್ದವು.

"ನಂಗೊತ್ತಿಲ್ಲ" ಅಂದೆ. "ಸೆಲ್ ಎಲ್ಲಿಟ್ನೋ ಏನೋ."

ಅಕ್ಕ ನನ್ನನ್ನು ನೋಡಿದಳು. ಮುಖವನ್ನಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಅಪ್ಪ ಎಷ್ಟು ಕೂಗಿದರೂ ಒಂದು ಮಾತೂ ಆಡಲಿಲ್ಲ. ಅಪ್ಪ ಫೋಟೋವನ್ನು ಹರಿದು ಬಚ್ಚಲ ಒಲೆಗೆ ಹಾಕಿದ, ಕ್ಯಾಮೆರಾವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಸೈಕಲ್ಲು ಚನ್ನರಾಯಪಟ್ಟಣದ ಹಾಲಿನವನೊಬ್ಬನಿಗೆ ಹೋಯಿತು. ಕ್ಯಾನು ಕಟ್ಟಲು ಅದಕ್ಕೆ ಕ್ಯಾರಿಯರ್ ಕೂರಿಸಿಕೊಟ್ಟವನು ನಾನೇ. ಆತುರಾತುರವಾಗಿ ಮದುವೆಯಾಗಿ ಅಕ್ಕ ಹಿರೀಸಾವೆಗೆ ಹೋದಳು.

ಭಾವ ಕೆಟ್ಟವರಲ್ಲ. ಹೆದ್ದಾರಿಯಲ್ಲಿ ಅವರದೊಂದು ಹೋಟೆಲು. ನಾನು ಹೋದಾಗ ಅಕ್ಕ ಊಟಕ್ಕಿಕ್ಕುವಳು, ಮಕ್ಕಳ ಸುದ್ದಿ, ಊರ ಸುದ್ದಿ ಹೇಳುವಳು. ಆದರೆ "ತಮ್ಮಂಗೆ ಗೊತ್ತು, ಕೇಳಿ" ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ. ಅವಳ ಮನೆಯ ಮುಂದೆ ಮಗನ ಸೈಕಲ್ಲಿನ ಚೈನು ಕಳಚಿಬಿದ್ದಿದ್ದರೂ, ನಾನು ಅಲ್ಲೇ ಕೂತಿದ್ದರೂ, ಬೇರೆಯವರನ್ನು ಕರೆಸುವಳು.

ಹತ್ತಾರು ವರ್ಷ ಕಳೆದ ಮೇಲೆ ಅವಳು ಕಾಯಿಲೆ ಬಿದ್ದಿದ್ದಾಳೆ, ಉಳಿಯುವುದು ಕಷ್ಟ ಎಂದು ತಿಳಿಯಿತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ, ನಿಜ ಏನೆಂದು ತಿಳಿಯದೆಯೇ. ನಾನು ಹಾಸನದಲ್ಲಿ ಒಂದು ಚಿಕ್ಕ ಡಿಜಿಟಲ್ ಕ್ಯಾಮೆರಾ ಕೊಂಡೆ. ಕೊಳ್ಳುವ ಮುಂಚೆ ಜೇಬಿಗೆ ಹಾಕಿಕೊಂಡು ಕುಪ್ಪಳಿಸಿ ನೋಡಿದೆ; ಅಂಗಡಿ ಹುಡುಗರು ಮುಖ ಮುಖ ನೋಡಿಕೊಂಡರು. ಹಿರೀಸಾವೆಗೆ ಹೋಗಿ ಅವಳ ಮಂಚದ ಮೇಲೆ ಅದನ್ನಿಟ್ಟು, ಅವತ್ತಿನದನ್ನೆಲ್ಲ ಹೇಳಿದೆ. ಅವಳು ಹೊದಿಕೆ ಸರಿಮಾಡಿಕೊಂಡಳು.

"ಸೆಲ್ ನಿನ್ ಜೇಬಲ್ಲಿದ್ವು ಅಂತ ನಂಗೊತ್ತಿತ್ತು ಕಣೋ. ಜೇಬು ಜೋತಾಡ್ತಿತ್ತು."

ಹಾಗಾದರೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದೆ.

"ನೀನೇ ತೆಗೆದು ಕೊಡ್ತೀಯ ಅಂತ ಕಾಯ್ತಿದ್ದೆ."

ಆಮೇಲೆ ಅಪ್ಪ ಕೇಳಿದ್ದನ್ನೇ ನಾನೂ ಕೇಳಿದೆ. ಆ ಫೋಟೋದಲ್ಲಿ ಹಾಗೆ ನಕ್ಕದ್ದು ಯಾಕೆ ಎಂದು.

"ಕೆಂಪು ದೀಪ ಮಿಟುಕ್ತಲ್ಲ, ಅಂಗಡೀಲಿ ಕಾಲಿ ಕ್ಯಾಮೆರಾ ಮುಂದೆ ನೀನು ಅಲ್ಲು ಕಿರ್ಕಂಡು ನಿಂತಿದ್ದು ಗ್ಯಾಪ್ಕ ಬಂತು. ತಡೀಲಾರ್ದೆ ನಕ್ಬುಟ್ಟೆ."

ಕ್ಯಾಮೆರಾವನ್ನು ಅವಳು ಮುಟ್ಟಲಿಲ್ಲ. ನಿನ್ನ ಮಗಳಿಗೆ ಕೊಡು ಎಂದಳು. ಮುಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟಳು.

ಡ್ರಾಯರಿಗೆ ಎಸೆದಿದ್ದ ನೆಗೆಟಿವ್ ಮಾಸಿದ್ದರೂ ಉಳಿದಿತ್ತು. ಅಕ್ಕ ನಗುತ್ತಿರುವ ಆ ಒಂದನ್ನು ದೊಡ್ಡದಾಗಿ ತೊಳೆಸಿ, ಕಟ್ಟು ಹಾಕಿಸಿ, ಅಪ್ಪ ಕೂರುತ್ತಿದ್ದ ಜಾಗದ ಮೇಲೆ ತೂಗುಹಾಕಿದ್ದೇನೆ. ಶಾಪಿಗೆ ಬಂದವರು ತಲೆ ಎತ್ತಿ ನೋಡಿ, ಚೆನ್ನಾಗಿ ಬಂದಿದೆ, ಯಾರು ತೆಗೆದದ್ದು ಎಂದು ಕೇಳುತ್ತಾರೆ. ನಾನು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟು ಹೇಳುತ್ತೇನೆ. ಯಾರೂ ತೆಗೆದಿಲ್ಲ. ಆ ಕ್ಯಾಮೆರಾಗೆ ಒಂದು ಗುಂಡಿಯಿತ್ತು, ಒತ್ತಿದರೆ ಅದೇ ತೆಗೆಯುತ್ತಿತ್ತು. ನನಗೆ ಗೊತ್ತು. ಆರಿಸಿದ್ದು ನಾನೇ.