ಗೋಧಿ ಬಿಟ್ಟವನ ಮುದ್ದೆ

ನೋಡ್ರಪ್ಪಾ, ನನ್ನ ಪಥ್ಯದ ಬಂಡವಾಳ ಇವತ್ತು ಹಿಟ್ಟಿನ ಮಿಲ್ಲಲ್ಲಿ ಬಯಲಾಯ್ತು. ಎಷ್ಟು ಟೆಸ್ಟ್ ಮಾಡಿಸಿದರೂ ನನ್ನ ಹೊಟ್ಟೆಯುಬ್ಬರ, ಸುಸ್ತಿಗೆ ಕಾರಣ ಸಿಗದೆ ಡಾಕ್ಟರು, "ಗೋಧೀಲಿರೋ ಗ್ಲುಟನ್ ಆಗ್ತಿಲ್ಲವೇನೋ, ಬಿಟ್ಟು ನೋಡಿ" ಅಂದಿದ್ದರು. ಹಾರೋಹಳ್ಳಿ ಫ್ಯಾಕ್ಟರಿ ಕ್ಯಾಂಟೀನಿನ ಚಪಾತಿಗೆ ಕೈಮುಗಿದು, ಅವ್ವನ ಮುದ್ದೆ ಹಿಡಿದೆ. ಹೊಟ್ಟೆ ಹಗುರಾಯ್ತು. ಕ್ಯಾಂಟೀನಿನವರಿಗೆಲ್ಲ ಉಪದೇಶವನ್ನೂ ಮಾಡಿದೆ.

ಇವತ್ತು ಮಿಲ್ಲಲ್ಲಿ ನೋಡ್ತೀನಿ, ಅವ್ವ ಸೆರಗಿನ ಗಂಟು ಬಿಚ್ಚಿ ರಾಗಿಗೆ ಗೋಧಿ ಸುರೀತಿದ್ದಾಳೆ!

"ಏನವ್ವ ಇದು?"

"ನೀನು ಚಪಾತಿ ಬುಟ್ಟಾಗಿಂದ ಹಿಂಗೇ ಹಾಕ್ಸ್ತಾ ಇವ್ನಿ ಕಣ್ಲಾ ಮಗ. ಪೂರ್ತಿ ನಿಲ್ಸುದ್ರೆ ಮೈ ಸೊರಗೋಯ್ತದಲ್ಲ!"

ಗೋಧಿ ಬಿಟ್ಟು ಹುಷಾರಾದೆ ಅಂತ ನಾನು, ಗೋಧಿ ತಿಂದೇ ಹುಷಾರಾದೆ ಅಂತ ಅವ್ವ. ಇನ್ನು ಡಾಕ್ಟರ ಹತ್ತಿರ ಅವ್ವನನ್ನೇ ಕಳಿಸ್ತೀನಿ.